ದುಬೈಯಲ್ಲಿ ಫ್ಲ್ಯಾಟ್: ಟೋಕನ್ ಕೊಡುವ ಮೊದಲು ಯಾವ ಕಾಗದ ನೋಡಬೇಕು, ಎಲ್ಲಿ ನೋಡಬೇಕು?

ಪೊನ್ನಂಪೇಟೆ ರೋಬಸ್ಟಾ

ಎಲ್ಲರಿಗೂ ನಮಸ್ಕಾರ. ರೋಬಸ್ಟಾ ರೇಟು ಕೈಹಿಡಿದಿದ್ದರಿಂದ ತೋಟದ ಸಾಲ ತೀರಿತು, ಸ್ವಲ್ಪ ಉಳಿದೂ ಇದೆ. ಇಲ್ಲೇ ಇನ್ನೊಂದು ತೋಟ ತಗೊಳ್ಳೋಣ ಅಂದರೆ ಆಳು ಸಿಗಲ್ಲ, ಆನೆ ಬಿಡಲ್ಲ. ಮಗಳು ದುಬೈಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಮೈಸೂರಿನ ಹೋಟೆಲೊಂದರಲ್ಲಿ ದುಬೈ ಪ್ರಾಪರ್ಟಿ ಮೇಳ ಇತ್ತು, ಹೋಗಿ ಬಂದೆ. ಇನ್ನೂ ಕಟ್ಟುತ್ತಿರುವ ಕಟ್ಟಡ, ಒಂದು ಬೆಡ್‌ರೂಮಿನ ಫ್ಲ್ಯಾಟ್, 9 ಲಕ್ಷ ದಿರ್ಹಮ್. ಈಗ 10 ಪರ್ಸೆಂಟ್ ಕಟ್ಟಿದರೆ ಸಾಕಂತೆ, ಉಳಿದದ್ದು ಕಂತಿನಲ್ಲಿ. ಈ ವಾರದೊಳಗೆ ಟೋಕನ್ ಕೊಟ್ಟರೆ ಅಲ್ಲಿನ ಸರ್ಕಾರಿ ನೋಂದಣಿ ಶುಲ್ಕ 4 ಪರ್ಸೆಂಟ್ ತಾವೇ ಭರಿಸುತ್ತೇವೆ ಅಂತ ಏಜೆಂಟ್ ದಿನಕ್ಕೆರಡು ಸಲ ಫೋನ್ ಮಾಡ್ತಿದ್ದಾನೆ.

ವಾಟ್ಸಾಪಿನಲ್ಲಿ ಕಳಿಸಿರುವುದು ಇಷ್ಟು: ಬ್ರೋಷರ್, ಬುಕಿಂಗ್ ಫಾರಂ, ಬಿಲ್ಡರ್ ಹೆಸರಿನಲ್ಲಿರುವ ನಿವೇಶನದ ಟೈಟಲ್ ಡೀಡ್ ಕಾಪಿ, ದುಡ್ಡು ಹಾಕಬೇಕಾದ ಬ್ಯಾಂಕ್ ಖಾತೆಯ ವಿವರ. ಇಲ್ಲಾದರೆ ಆರ್‌ಟಿಸಿ, ಇಸಿ, ಮೂಲಪತ್ರ ಅಂತ ಏನು ಕೇಳಬೇಕೆಂದು ಗೊತ್ತು. ಅಲ್ಲಿಯದು ಏನು ಎತ್ತ ಗೊತ್ತಿಲ್ಲ. ನನ್ನ ಭಾವ ಬೇರೆ, ದುಬೈ ಬೇಡ, ಫುಕೆಟ್‌ನಲ್ಲಿ ಜಾಗದ ಸಮೇತ ವಿಲ್ಲಾ ಅರ್ಧ ರೇಟಿಗೆ ಸಿಗುತ್ತದೆ ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ಭಾಗಮಂಡಲ ಬೈಲು

ಮಾರಾಯ್ರೆ, ಊರಿನ ಜಮ್ಮಾ ಜಾಗದಲ್ಲೇ (ಕೊಡಗಿನ ಕುಟುಂಬಗಳ ಪರಂಪರೆಯ ಜಮೀನು) ಅಣ್ಣತಮ್ಮಂದಿರ ಪಾಲು ಇನ್ನೂ ಇತ್ಯರ್ಥ ಆಗದೆ ಉಂಟು. ಅಷ್ಟರಲ್ಲಿ ಮರಳುಗಾಡಿಗೆ ಹೊರಟಿರಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಆಗದಿದ್ದರೆ ಸಾಕು.

ಹಳೇ ದಸ್ತಾವೇಜು, ಮಡಿಕೇರಿ

ಬೈಲು ಅವರು ತಮಾಷೆಗೆ ಹೇಳಿದ್ದರಲ್ಲೂ ಒಂದು ವಿಷಯ ಇದೆ. ನೋಂದಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಅದಕ್ಕೇ ಇದನ್ನು ಮೊದಲು ಹೇಳುತ್ತೇನೆ. ನಮ್ಮ ದೇಶದಲ್ಲಿ ರಿಜಿಸ್ಟರ್ ಆಯಿತು ಅಂದರೆ ಪತ್ರ ರಿಜಿಸ್ಟರ್ ಆಯಿತು ಅಂತ, ಅಷ್ಟೇ. ಮಾರಿದವನಿಗೆ ಹಕ್ಕಿತ್ತು ಅಂತ ಉಪನೋಂದಣಾಧಿಕಾರಿ ಷರಾ ಬರೆಯುವುದಿಲ್ಲ. 1908ರ ನೋಂದಣಿ ಕಾಯ್ದೆ ಆ ಕೆಲಸವನ್ನು ಅವರಿಗೆ ಕೊಟ್ಟೇ ಇಲ್ಲ. ಅದಕ್ಕಾಗಿಯೇ ನಾವು 30 ವರ್ಷದ ಇಸಿ ತೆಗೆಸಿ, ಮೂಲಪತ್ರ ಹಿಡಿದು, ವಂಶವೃಕ್ಷ ಬರೆಸಿ, ಆರ್‌ಟಿಸಿಯ ಕಾಲಂ 9ರಲ್ಲಿ ಯಾರ ಹೆಸರು, ಕಾಲಂ 11ರಲ್ಲಿ ಯಾವ ಬ್ಯಾಂಕಿನ ಸಾಲ ಅಂತ ನೋಡುವುದು. ಜಮ್ಮಾದಲ್ಲಂತೂ ಕಾಲವಾಗಿ ಎಷ್ಟೋ ವರ್ಷ ಆದ ಪಟ್ಟೆದಾರರ ಹೆಸರೇ ಇರುತ್ತದೆ. ಉಳುವವರು, ಅನುಭವಿಸುವವರು ಬೇರೆ.

ಹೊರದೇಶದಲ್ಲಿ ಕಾಗದ ನೋಡುವುದಕ್ಕೂ ಮೊದಲು ಕೇಳಬೇಕಾದದ್ದು: ಹೊರಗಿನವನಿಗೆ ಆ ಆಸ್ತಿಯ ಮಾಲೀಕನಾಗಲು ಅಲ್ಲಿನ ಕಾನೂನು ಬಿಡುತ್ತದೆಯೇ? ಬಿಡುವುದಾದರೆ ಹಕ್ಕಿಗೆ ಹೊಣೆ ಯಾರು, ಸರ್ಕಾರವೋ, ವಿಮಾ ಕಂಪನಿಯೋ, ಯಾರೂ ಇಲ್ಲವೋ? ಇವೆರಡು ತಿಳಿದ ಮೇಲೆ ಆ ದಾಖಲೆಯನ್ನು ನೀವೇ ಮೂಲದಿಂದ ತೆಗೆಸಿ ನೋಡಬೇಕು. ಏಜೆಂಟ್ ಕಳಿಸಿದ ಪಿಡಿಎಫ್ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಬೇಡ. ಸೋಮವಾರಪೇಟೆಯ ಜಾಗಕ್ಕೆ ಮಾರುವವನು ತಂದುಕೊಟ್ಟ ಆರ್‌ಟಿಸಿ ಜೆರಾಕ್ಸ್ ನಂಬಿ ದುಡ್ಡು ಕೊಡುತ್ತೀರಾ? ಇಲ್ಲ ತಾನೇ.

ಸುಂಟಿಕೊಪ್ಪ–ಶಾರ್ಜಾ

ದುಬೈ ವಿಷಯ ನಾನು ಹೇಳಬಲ್ಲೆ, ಇಲ್ಲಿಗೆ ಬಂದು ತುಂಬಾ ವರ್ಷವಾಯಿತು. ಅಲ್ಲಿ ಹೊರಗಿನವರಿಗೆ ಪೂರ್ಣ ಮಾಲೀಕತ್ವ ಇದೆ, ಆದರೆ ಎಲ್ಲ ಕಡೆ ಇಲ್ಲ. 2006ರ 7ನೇ ಕಾನೂನಿನ ಪ್ರಕಾರ ಆಡಳಿತಗಾರರು ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ ಫ್ರೀಹೋಲ್ಡ್. ಒಂದೊಂದು ಎಮಿರೇಟಿಗೂ ಬೇರೆ ರಿಜಿಸ್ಟರ್, ಬೇರೆ ನಿಯಮ ಅನ್ನುವುದನ್ನೂ ಮರೆಯಬೇಡಿ. ಬ್ರೋಷರಿನಲ್ಲಿ ‘ದುಬೈಯಿಂದ 25 ನಿಮಿಷ’ ಅಂತಿದ್ದರೆ ಅದು ದುಬೈ ಅಲ್ಲ, ಶಾರ್ಜಾನೋ ಅಜ್ಮಾನೋ. ಅಲ್ಲಿಗೆ ದುಬೈ ಕಾನೂನು ಹಿಡಿದುಕೊಂಡು ಹೋದರೆ ನಡೆಯಲ್ಲ.

ಸರ್ಕಾರಿ ಕಚೇರಿಯ ಹೆಸರು ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್. ಜನ ಡಿಎಲ್‌ಡಿ ಅನ್ನುತ್ತಾರೆ. ಕಟ್ಟಿ ಮುಗಿದ ಫ್ಲ್ಯಾಟಿಗೆ ಅವರು ಟೈಟಲ್ ಡೀಡ್ ಕೊಡುತ್ತಾರೆ. ಕಟ್ಟುತ್ತಿರುವುದಕ್ಕೆ ಟೈಟಲ್ ಡೀಡ್ ಇರುವುದಿಲ್ಲ. ಅದಕ್ಕೆ ಬೇರೆ ತಾತ್ಕಾಲಿಕ ರಿಜಿಸ್ಟರ್, ಅದರಲ್ಲಿ ನಿಮ್ಮ ಹೆಸರು ಸೇರಿದಾಗ ಬರುವ ಪತ್ರಕ್ಕೆ ‘ಔಕೂದ್’ ಅಂತ ಕರೀತಾರೆ. ಆ ರಿಜಿಸ್ಟರಿಗೆ ಸೇರದ ಮಾರಾಟ ಅನೂರ್ಜಿತ ಅಂತ 2008ರ 13ನೇ ಕಾನೂನು ನೇರವಾಗಿ ಹೇಳುತ್ತದೆ. ಅಂದರೆ ಬುಕಿಂಗ್ ಫಾರಂ, ರಸೀದಿ, ಕೈಕುಲುಕಿದ ಫೋಟೋ, ಯಾವುದೂ ನಿಮ್ಮನ್ನು ಮಾಲೀಕ ಮಾಡುವುದಿಲ್ಲ. ಅವರು ಕಳಿಸಿದ ನಿವೇಶನದ ಟೈಟಲ್ ಡೀಡ್‌ನಿಂದ ತಿಳಿಯುವುದು ಬಿಲ್ಡರಿಗೆ ನಿವೇಶನ ಇದೆ ಅಂತ ಮಾತ್ರ. ನಿಮ್ಮ ಫ್ಲ್ಯಾಟಿನ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ.

ಇನ್ನು ದುಡ್ಡು. 2007ರ 8ನೇ ಕಾನೂನಿನ ಪ್ರಕಾರ ಕಟ್ಟುತ್ತಿರುವ ಪ್ರತಿ ಯೋಜನೆಗೂ ಪ್ರತ್ಯೇಕ ಎಸ್ಕ್ರೊ ಖಾತೆ (ಆ ಯೋಜನೆಯ ಕೆಲಸಕ್ಕೆ ಮಾತ್ರ ಹಣ ಬಿಡುವ, ಬಿಲ್ಡರ್ ಇಷ್ಟಬಂದಂತೆ ತೆಗೆಯಲಾಗದ ಬ್ಯಾಂಕ್ ಖಾತೆ) ಇರಬೇಕು, ಕೊಳ್ಳುವವರ ಹಣ ಅಲ್ಲಿಗೇ ಹೋಗಬೇಕು. 2008ರ ಕುಸಿತದಲ್ಲಿ ಅರ್ಧಕ್ಕೇ ನಿಂತ ಕಟ್ಟಡಗಳನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ, ಹಾಗಾಗಿ ಈ ಖಾತೆಯ ವಿಷಯದಲ್ಲಿ ಸದರ ಕೊಡಬೇಡಿ. ನಿಮಗೆ ಕೊಟ್ಟಿರುವ ಖಾತೆ ಯಾರ ಹೆಸರಿನಲ್ಲಿದೆ? ನಂಬರ್ ಇಲ್ಲಿ ಹಾಕಬೇಡಿ, ಹೆಸರಿನ ಜಾಗದಲ್ಲಿ ಏನಿದೆ ಅಂತ ಮಾತ್ರ ಹೇಳಿ.

ಪೊನ್ನಂಪೇಟೆ ರೋಬಸ್ಟಾ

ಈಗ ಕನ್ನಡಕ ಹಾಕಿಕೊಂಡು ನೋಡಿದೆ. ಖಾತೆದಾರರ ಹೆಸರಿನ ಜಾಗದಲ್ಲಿ ಏಜೆನ್ಸಿಯ ಹೆಸರು, ಕೊನೆಗೆ ಎಲ್‌ಎಲ್‌ಸಿ ಅಂತಿದೆ. ಕೆಳಗೆ ‘ಕರೆಂಟ್ ಅಕೌಂಟ್’. ಕಟ್ಟಡದ ಹೆಸರೂ ಇಲ್ಲ, ಬಿಲ್ಡರ್ ಹೆಸರೂ ಇಲ್ಲ. ಎಸ್ಕ್ರೊ ಅನ್ನುವ ಪದ ಬ್ರೋಷರಿನ ಹಿಂಬದಿಯಲ್ಲಿದೆ, ಸಣ್ಣ ಅಕ್ಷರದಲ್ಲಿ. ಈ ಹಾಳೆಯಲ್ಲಿ ಇಲ್ಲ.

ಸುಂಟಿಕೊಪ್ಪ–ಶಾರ್ಜಾ

ಹಾಗಾದರೆ ಒಂದು ದಿರ್ಹಮ್ಮೂ ಕಳಿಸಬೇಡಿ. ಎಸ್ಕ್ರೊ ಖಾತೆಯಾದರೆ ಅದು ಆ ಯೋಜನೆಯದ್ದು ಅಂತ ಹೆಸರಿನಲ್ಲೇ ತಿಳಿಯುತ್ತದೆ. ಫೋನಿಗೆ ‘ದುಬೈ ರೆಸ್ಟ್’ ಆಪ್ ಹಾಕಿಕೊಳ್ಳಿ, ಡಿಎಲ್‌ಡಿಯದ್ದೇ. ಅದರಲ್ಲಿ ಯೋಜನೆಯ ಹೆಸರು ಹುಡುಕಿದರೆ ಬಿಲ್ಡರ್ ಯಾರು, ಕಾಮಗಾರಿ ಎಷ್ಟು ಪರ್ಸೆಂಟ್ ಆಗಿದೆ, ಎಸ್ಕ್ರೊ ಖಾತೆ ಯಾವ ಬ್ಯಾಂಕಿನಲ್ಲಿ ಅಂತ ಬರುತ್ತದೆ. ಏಜೆಂಟಿಗೂ ಬ್ರೋಕರ್ ನಂಬರ್ ಇರಬೇಕು, ಅದೂ ಅಲ್ಲೇ ಸಿಗುತ್ತದೆ. ಜಾಹೀರಾತಿಗೂ ಪರವಾನಗಿ ನಂಬರ್ ಬೇಕು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಡಿಎಲ್‌ಡಿ ಪುಟ ತೆರೆಯಬೇಕು. ಏಜೆನ್ಸಿಯ ವೆಬ್‌ಸೈಟ್ ತೆರೆದುಕೊಂಡರೆ ಅನುಮಾನ ಪಡಿ.

ಮಗಳು ಅಲ್ಲೇ ಇದ್ದಾಳಲ್ಲ, ಬಿಲ್ಡರಿನ ಆಫೀಸಿಗೆ ಒಂದು ಸಲ ಹೋಗಿ ಬರಲಿ. ಏಜೆಂಟಿಗೆ ಹೇಳದೆ.

ಲೆಕ್ಕಪತ್ರ, ಕುಶಾಲನಗರ

ಇಲ್ಲಿಯವರೆಗೂ ಯಾರೂ ನಮ್ಮ ಕಡೆಯ ಕಾನೂನಿನ ಮಾತೆತ್ತಲಿಲ್ಲ. ಅಲ್ಲಿ ಟೈಟಲ್ ಎಷ್ಟೇ ಶುದ್ಧ ಇದ್ದರೂ ದುಡ್ಡು ಹೋದ ದಾರಿ ಸರಿಯಿಲ್ಲದಿದ್ದರೆ ಇಲ್ಲಿ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನೋಟಿಸ್ ಬರುತ್ತದೆ, ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು.

ದಾರಿ ಅಂದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಇಲ್ಲಿನ ನಿವಾಸಿಗಳು ಹೊರದೇಶಕ್ಕೆ ದುಡ್ಡು ಕಳಿಸಲು ಇರುವ ಯೋಜನೆ. ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ಬ್ಯಾಂಕಿನಲ್ಲಿ ಎ2 ಫಾರಂ ತುಂಬಿ, ವಿದೇಶದಲ್ಲಿ ಸ್ಥಿರಾಸ್ತಿ ಖರೀದಿ ಅಂತಲೇ ಉದ್ದೇಶ ನಮೂದಿಸಿ ಕಳಿಸಬೇಕು. ಈಗ ರೋಬಸ್ಟಾ ಅವರ ಲೆಕ್ಕ ನೋಡಿ. ಡಾಲರಿಗೆ 3.6725 ದಿರ್ಹಮ್, ಇದು ಬದಲಾಗದ ದರ. 9 ಲಕ್ಷ ದಿರ್ಹಮ್ ಅಂದರೆ ಸುಮಾರು 2,45,000 ಡಾಲರ್. ಮಿತಿಯೊಳಗೆ ಸರಿಯಾಗಿ ಕೂರುವ ಬೆಲೆ! ಏಜೆಂಟರು ಲೆಕ್ಕದಲ್ಲಿ ದಡ್ಡರಲ್ಲ. ಆದರೆ 4 ಪರ್ಸೆಂಟ್ ಶುಲ್ಕ ನಿಮ್ಮ ತಲೆಗೇ ಬಂದರೆ ಇನ್ನೂ 36,000 ದಿರ್ಹಮ್ ಸೇರುತ್ತದೆ, ಆಗ ಒಂದೇ ವರ್ಷದಲ್ಲಿ ಪೂರ್ತಿ ಕಟ್ಟಲು ಹೊರಟವರಿಗೆ ಮಿತಿ ದಾಟಿತು. 20 ಲಕ್ಷ ದಿರ್ಹಮಿನ ಆಸ್ತಿ ತಗೊಂಡರೆ ಗೋಲ್ಡನ್ ವೀಸಾ (ಅಲ್ಲಿ ದೀರ್ಘಕಾಲ ಇರಲು ಬಿಡುವ ವೀಸಾ) ಅಂತ ಆಸೆ ಹುಟ್ಟಿಸುತ್ತಾರಲ್ಲ, ಅದು 5,44,000 ಡಾಲರಿಗೂ ಮೇಲೆ. ಗಂಡ ಹೆಂಡತಿ ಇಬ್ಬರೂ ಒಂದು ವರ್ಷದ ಮಿತಿಯನ್ನು ಪೂರ್ತಿ ಬಳಸಿದರೂ ಸಾಲದು.

ಮಿತಿಗಳನ್ನು ಕೂಡಿಸುವುದಾದರೆ ದುಡ್ಡು ಕಳಿಸುವ ಪ್ರತಿಯೊಬ್ಬರ ಹೆಸರೂ ಮಾಲೀಕತ್ವದಲ್ಲಿ ಇರಬೇಕು. ಎಲ್‌ಆರ್‌ಎಸ್ ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕಿಲ್ಲ, ಪಾಲುದಾರಿಕೆ ಸಂಸ್ಥೆಗಿಲ್ಲ. ಕೊಡಗಿನಲ್ಲಿ ಇದು ತೊಡಕು, ಯಾಕೆಂದರೆ ತೋಟದ ದುಡ್ಡು ಎಷ್ಟೋ ಮನೆಗಳಲ್ಲಿ ಒಟ್ಟು ಕುಟುಂಬದ ಖಾತೆಯಲ್ಲೇ ಇರುತ್ತದೆ. ಅದು ಮೊದಲು ವಿಭಾಗವಾಗಿ ನಿಮ್ಮ ಸ್ವಂತ ಖಾತೆಗೆ ಬಂದಿರಬೇಕು, ಅದಕ್ಕೊಂದು ಕಾಗದವೂ ಇರಬೇಕು.

ಇನ್ನು ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಹಿಡಿಯುತ್ತದೆ. 1 ಕೋಟಿ ಕಳಿಸಿದರೆ 18 ಲಕ್ಷ. ಇದು ಖರ್ಚಲ್ಲ, ರಿಟರ್ನ್ ಸಲ್ಲಿಸಿದರೆ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಬರುತ್ತದೆ. ಚೆರಿ ಒಣಗಿಸಿ ಮಾರುವ ಬೆಳೆಗಾರನಿಗೆ ಕೃಷಿ ಆದಾಯ, ತೆರಿಗೆಯಿಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ ಸಲ್ಲಿಸಿದವರೇ ಅಲ್ಲ. ಈಗ ಸಲ್ಲಿಸಲೇಬೇಕು. ವಾಪಸ್ ಬರುವ ತನಕ ಆ 18 ಲಕ್ಷ ಕೈಯಲ್ಲಿಲ್ಲ ಅಂತಲೇ ಬಜೆಟ್ ಹಾಕಿಕೊಳ್ಳಿ.

ಇನ್ನೊಂದು ಸೂಚನೆ, ಯಾರನ್ನೂ ಉದ್ದೇಶಿಸಿ ಅಲ್ಲ. ‘ಕ್ಯಾಶ್ ಇಲ್ಲಿ ಕೊಡಿ, ಅಲ್ಲಿ ದಿರ್ಹಮ್ ಕೈಗೆ ಬರುತ್ತದೆ’ ಅನ್ನುವವರ ಹತ್ತಿರ ಕೂರಬೇಡಿ. ಕ್ರೆಡಿಟ್ ಕಾರ್ಡ್ ಉಜ್ಜಿ ಟೋಕನ್ ಕಟ್ಟುವುದೂ ಬೇಡ.

ಕುಟ್ಟ ಕಾರ್ನರ್

ರೋಬಸ್ಟಾ ಅವರ ಭಾವ ನಾನೇ. ಫುಕೆಟ್ ವಿಲ್ಲಾ ಬಗ್ಗೆ ಹೇಳಿದ್ದು ನಿಜ. ಅಲ್ಲಿ ಒಂದು ಲೋಕಲ್ ಕಂಪನಿ ಮಾಡಿ, ಅದರ ಹೆಸರಿನಲ್ಲಿ ಜಾಗ ತಗೊಳ್ಳುವುದು, ಕಂಪನಿಯಲ್ಲಿ ನಮಗೆ 49 ಪರ್ಸೆಂಟ್, ಉಳಿದದ್ದು ಅಲ್ಲಿಯವರ ಹೆಸರಿಗೆ. ಕಾಗದದಲ್ಲಿ ಮಾತ್ರ ಅವರು, ಅಧಿಕಾರ ಪೂರ್ತಿ ನಮ್ಮದು. ಎಲ್ಲ ವಕೀಲರೇ ಮಾಡಿಕೊಡುತ್ತಾರೆ. ಎಷ್ಟೋ ವಿದೇಶಿಯರು ಹೀಗೇ ಮಾಡಿದ್ದಾರೆ.

ಹಳೇ ದಸ್ತಾವೇಜು, ಮಡಿಕೇರಿ

ಎಷ್ಟೋ ಜನ ಮಾಡಿದ್ದಾರೆ ಅನ್ನುವುದು ಯಾವ ಕೋರ್ಟಿನಲ್ಲೂ ದಾಖಲೆಯಲ್ಲ. ಇದಕ್ಕೆ ನಮ್ಮಲ್ಲಿ ಬೇನಾಮಿ ಅನ್ನುತ್ತಾರೆ.

ಸುಂಟಿಕೊಪ್ಪ–ಶಾರ್ಜಾ

ಥಾಯ್ಲೆಂಡಿನಲ್ಲೂ ಅದು ಅಪರಾಧವೇ. ಇಲ್ಲಿಂದ ಅಲ್ಲಿಗೆ ಹೋಗಿ ನೆಲೆಸಿದ ಸ್ನೇಹಿತರೊಬ್ಬರ ಕಾಗದಪತ್ರಕ್ಕೆ ಓಡಾಡುವಾಗ ತಿಳಿದದ್ದು ಹೇಳುತ್ತೇನೆ. 1954ರ ಭೂಸಂಹಿತೆಯ ಪ್ರಕಾರ ವಿದೇಶಿಗೆ ಜಾಗದ ಒಡೆತನ ಇಲ್ಲ. ಕಾಂಡೊ ಫ್ಲ್ಯಾಟ್ ಆಗಬಹುದು, ಕಟ್ಟಡದ ಒಟ್ಟು ಮಾರಾಟ ವಿಸ್ತೀರ್ಣದಲ್ಲಿ 49 ಪರ್ಸೆಂಟ್ ತನಕ ಮಾತ್ರ ವಿದೇಶಿಯರಿಗೆ. ಭಾವನವರು ಹೇಳಿದ 49 ಬೇರೆ, ಈ 49 ಬೇರೆ, ಎರಡನ್ನೂ ಕಲಸಿ ಹೇಳುವುದು ಏಜೆಂಟರ ಅಭ್ಯಾಸ. ಕಾಂಡೊ ಆದರೆ ಆ ಕೋಟಾದಲ್ಲಿ ಜಾಗ ಉಳಿದಿದೆ ಅಂತ ಕಟ್ಟಡದ ಆಡಳಿತ ಮಂಡಳಿಯಿಂದ ಪತ್ರ ಬೇಕು. ದುಡ್ಡು ವಿದೇಶಿ ಕರೆನ್ಸಿಯಲ್ಲೇ ಬಂದು ಅಲ್ಲಿನ ಬ್ಯಾಂಕಿನಲ್ಲಿ ಬಾತ್ ಆಗಬೇಕು, ಅದಕ್ಕೆ ಬ್ಯಾಂಕಿನ ಪ್ರಮಾಣಪತ್ರವನ್ನೂ ತೋರಿಸಬೇಕು. ಇಲ್ಲದಿದ್ದರೆ ಭೂ ಕಚೇರಿಯಲ್ಲಿ ವಿದೇಶಿ ಹೆಸರಿಗೆ ವರ್ಗಾವಣೆ ಆಗುವುದಿಲ್ಲ.

ಜಾಗ ಬೇಕೇ ಬೇಕು ಅಂದರೆ 30 ವರ್ಷದ ಲೀಸ್, ಅದೂ ಭೂ ಕಚೇರಿಯಲ್ಲಿ ನೋಂದಣಿಯಾಗಬೇಕು. ‘30+30+30’ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ. ನೋಂದಣಿಯಾಗುವುದು ಮೊದಲನೆಯ 30 ಮಾತ್ರ, ಉಳಿದೆರಡು ಬರೀ ಮಾತು.

ಲೀಸ್ ಕೊಡುವವರ ಹಕ್ಕುಪತ್ರವನ್ನೂ ನೋಡಬೇಕಲ್ಲ. ಅಲ್ಲಿನ ಪತ್ರದ ತಲೆಯ ಮೇಲೆ ಗರುಡನ ಮುದ್ರೆ ಇರುತ್ತದೆ. ಕೆಂಪು ಗರುಡ ಇದ್ದರೆ ‘ಚನೋಟ್’, ಅಳತೆ ಪಕ್ಕಾ, ಪೂರ್ಣ ಹಕ್ಕು. ಹಸಿರು ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಕಪ್ಪು ಇನ್ನೂ ಕೆಳಗೆ. ಪತ್ರದ ಹಿಂಬದಿಯಲ್ಲಿ ಮಾರಾಟ, ಅಡಮಾನ, ಲೀಸ್ ಎಲ್ಲ ಸಾಲಾಗಿ ಬರೆದಿರುತ್ತಾರೆ, ನಮ್ಮ ಇಸಿ ಅಲ್ಲೇ ಇದೆ ಅನ್ನಿ. ಆದರೂ ಮಾರುವವನ ಕೈಯಲ್ಲಿರುವ ಪ್ರತಿ ಬೇರೆ, ಭೂ ಕಚೇರಿಯಲ್ಲಿರುವ ಮೂಲ ಪ್ರತಿ ಬೇರೆ. ಎರಡನ್ನೂ ತಾಳೆ ನೋಡಿಸಬೇಕು. ಬಡ ರೈತರಿಗೆ ಸರ್ಕಾರ ಹಂಚಿದ ಕೃಷಿ ಜಮೀನಿನ ಪತ್ರ ಇನ್ನೊಂದಿದೆ, ‘ಸೋರ್ ಪೋರ್ ಕೋರ್’ ಅಂತ. ಅದನ್ನು ಮಾರುವ ಹಾಗೇ ಇಲ್ಲ, ಆದರೂ ತೋರಿಸಿ ದುಡ್ಡು ಕೇಳುವವರಿದ್ದಾರೆ.

ಭಾಗಮಂಡಲ ಬೈಲು

ನಮ್ಮಲ್ಲೂ ಮಂಜೂರಾದ ಜಾಗ ಮಾರುವವರು ಉಂಟಲ್ಲ, ಪಿಟಿಸಿಎಲ್ ಕೇಸು (ಪರಿಶಿಷ್ಟರಿಗೆ ಮಂಜೂರಾದ ಜಾಗ ಮಾರಿದ್ದಕ್ಕೆ ಹಾಕುವ ಕೇಸು) ಬಿದ್ದ ಮೇಲೆ ಕೊಂಡವನು ಎಸಿ ಕೋರ್ಟಿಗೆ ಅಲೆಯುವುದು. ಲೋಕ ಎಲ್ಲ ಒಂದೇ ಮಾರಾಯ್ರೆ. ಅಂದಹಾಗೆ ಈ ಗರುಡ ಪುರಾಣ ನಾನು ಇವತ್ತೇ ಕೇಳಿದ್ದು.

ಮೆಲ್ಬರ್ನ್ ಮಳೆ

ವಿರಾಜಪೇಟೆಯವಳು, ಈಗ ಇಲ್ಲಿ. ಹಕ್ಕಿಗೆ ಹೊಣೆ ಯಾರು ಅನ್ನುವ ಪ್ರಶ್ನೆಗೆ ಆಸ್ಟ್ರೇಲಿಯಾ ಒಳ್ಳೆಯ ಉದಾಹರಣೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾದ ಟಾರೆನ್ಸ್ ಪದ್ಧತಿ ಇಲ್ಲಿನದು. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಹೊಣೆ. 30 ವರ್ಷ ಹಿಂದಕ್ಕೆ ಹೋಗಿ ಸರಪಳಿ ಜೋಡಿಸುವ ಕೆಲಸ ಇಲ್ಲ. ಸ್ವಲ್ಪ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಟೈಟಲ್ ತೆಗೆಸಿ ನೋಡಬಹುದು: ಮಾಲೀಕರ ಹೆಸರು, ಬ್ಯಾಂಕಿನ ಅಡಮಾನ, ಬೇರೆಯವರ ತಕರಾರು ಎಲ್ಲ ಒಂದೆರಡು ಪುಟದಲ್ಲಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2021ರಿಂದ ಕಾಗದದ ಹಕ್ಕುಪತ್ರವನ್ನೇ ರದ್ದು ಮಾಡಿದ್ದಾರೆ. ಅಜ್ಜನ ಪೆಟ್ಟಿಗೆಯಲ್ಲಿ ಪತ್ರ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಅದು ಈಗ ನೆನಪಿನ ಕಾಗದ ಅಷ್ಟೇ.

ಆದರೆ ದಸ್ತಾವೇಜು ಅಂಕಲ್ ಹೇಳಿದ ಮೊದಲನೇ ಪ್ರಶ್ನೆಯಲ್ಲೇ ಇಲ್ಲಿ ಅಡ್ಡಿ. 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರ ತನಕ ವಿದೇಶಿಯರು ಹಳೆಯ ಮನೆ ಕೊಳ್ಳುವ ಹಾಗಿಲ್ಲ. ಇಲ್ಲೇ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೂ ಅದೇ. ಹೊಸ ಮನೆ, ಖಾಲಿ ನಿವೇಶನಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು, ಮೇಲೆ ರಾಜ್ಯದ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ. ಮಕ್ಕಳಿಗೆ ಪಿಆರ್ (ಕಾಯಂ ವಾಸದ ಅನುಮತಿ) ಇದ್ದರೆ ಅವರು ಕೊಳ್ಳಬಹುದು, ಆದರೆ ಪ್ರೀತಿಗೆ ಅಪ್ಪನ ಹೆಸರನ್ನೂ ಸೇರಿಸಿದರೆ ಅಪ್ಪ ವಿದೇಶಿ, ಎಲ್ಲ ನಿಯಮ ಮತ್ತೆ ಅನ್ವಯ. ಕೆನಡಾದಲ್ಲೂ ಹೊರಗಿನವರಿಗೆ ಮನೆ ಮಾರುವುದನ್ನು 2023ರಿಂದ ನಿಷೇಧಿಸಿದ್ದರು, 2027ರ ಜನವರಿ 1ರ ತನಕ ಮುಂದುವರಿಸಿದ್ದಾರೆ.

ಇಲ್ಲಿನ ಮೋಸ ಟೈಟಲ್‌ನಲ್ಲಿ ಕಮ್ಮಿ, ಇಮೇಲ್‌ನಲ್ಲಿ ಜಾಸ್ತಿ. ವಕೀಲರ ಇಮೇಲ್ ಹ್ಯಾಕ್ ಮಾಡಿ, ಕೊನೆಯ ಕಂತಿನ ಹಿಂದಿನ ದಿನ ‘ನಮ್ಮ ಖಾತೆ ಬದಲಾಗಿದೆ’ ಅಂತ ಬರೆಯುತ್ತಾರೆ. ಖಾತೆ ನಂಬರ್ ಬಂದರೆ ಮೊದಲಿನಿಂದ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಿ. ಆ ಇಮೇಲ್‌ನಲ್ಲೇ ಇರುವ ನಂಬರಿಗಲ್ಲ.

ನ್ಯೂಜೆರ್ಸಿ ನಾಪೋಕ್ಲು

ಅಮೆರಿಕ ಕೇಳಿದವರು ಯಾರೂ ಇಲ್ಲ, ಆದರೂ ಎರಡು ಸಾಲು. ಇಲ್ಲಿ ಸರ್ಕಾರ ಟೈಟಲ್‌ಗೆ ಹೊಣೆ ಅಲ್ಲ, ಕೌಂಟಿ ಕಚೇರಿ ನಮ್ಮ ಹಾಗೇ ಪತ್ರ ದಾಖಲು ಮಾಡುತ್ತದೆ ಅಷ್ಟೇ. ಆ ಅನುಮಾನದ ಮೇಲೇ ಟೈಟಲ್ ಇನ್ಶೂರೆನ್ಸ್ ಎನ್ನುವ ದೊಡ್ಡ ವ್ಯಾಪಾರ ನಡೆಯುತ್ತಿದೆ. ಸಾಲ ಕೊಟ್ಟ ಬ್ಯಾಂಕು ತೆಗೆಸುವ ಪಾಲಿಸಿ ಬ್ಯಾಂಕಿಗೆ ಮಾತ್ರ ರಕ್ಷಣೆ. ನಿಮಗೆ ಬೇಕಿದ್ದರೆ ಓನರ್ಸ್ ಪಾಲಿಸಿ ಬೇರೆ ತೆಗೆಯಬೇಕು, ಪ್ರೀಮಿಯಂ ಒಂದೇ ಸಲ. ದುಡ್ಡು ಉಳಿಸಲು ಅದನ್ನು ಬಿಡುವವರು ಇದ್ದಾರೆ, ನನಗೆ ಅದು ಬುದ್ಧಿವಂತಿಕೆ ಅನ್ನಿಸಿಲ್ಲ.

ಪೊನ್ನಂಪೇಟೆ ರೋಬಸ್ಟಾ

ಎಲ್ಲರಿಗೂ ಉಪಕಾರ. ಆಪ್ ಹಾಕಿ ನೋಡಿದೆ. ಯೋಜನೆ ಇದೆ, ಬಿಲ್ಡರ್ ಹೆಸರೂ ಸರಿಯಿದೆ, ಕಾಮಗಾರಿ ಇನ್ನೂ ತಳಪಾಯದ ಹಂತ. ಎಸ್ಕ್ರೊ ಖಾತೆಯ ಬ್ಯಾಂಕೇ ಬೇರೆ, ನನಗೆ ಕಳಿಸಿದ ಬ್ಯಾಂಕ್ ಬೇರೆ. ಏಜೆಂಟಿಗೆ ಕೇಳಿದರೆ ‘ಸರ್, ಬುಕಿಂಗ್ ಮೊತ್ತ ಮಾತ್ರ ನಮಗೆ, ಆಮೇಲಿನದ್ದು ಎಸ್ಕ್ರೊಗೆ, ಎಲ್ಲರಿಗೂ ಹೀಗೇ’ ಅಂದ.

ಮಗಳು ಬಿಲ್ಡರಿನ ಆಫೀಸಿಗೆ ಹೋಗಿ ಬಂದಳು. ಅವರು ಟೋಕನ್ ಕೂಡ ಎಸ್ಕ್ರೊ ಖಾತೆಗೇ ತಗೊಳ್ಳುವುದಂತೆ. ನಮಗಾಗಿ ‘ಹಿಡಿದಿಟ್ಟಿದ್ದೇನೆ’ ಅಂದಿದ್ದ ಫ್ಲ್ಯಾಟ್ ನಂಬರನ್ನು ಯಾರೂ ಹಿಡಿದಿಟ್ಟಿಲ್ಲ. ಮತ್ತೆ ಆ 4 ಪರ್ಸೆಂಟ್ ಶುಲ್ಕದ ರಿಯಾಯಿತಿ ಬಿಲ್ಡರೇ ಈ ತಿಂಗಳು ಎಲ್ಲರಿಗೂ ಕೊಡುತ್ತಿರುವುದು, ಇವನ ಔದಾರ್ಯವಲ್ಲ. ಬೋರ್ಡ್ ಹಾಕಿಟ್ಟಿದ್ದಾರಂತೆ ಬಾಗಿಲಲ್ಲೇ.

ಈಗ ಮಗಳು, ಅಪ್ಪಾ ಕಟ್ಟುತ್ತಿರುವುದು ಬೇಡ, ಕಟ್ಟಿ ಮುಗಿದ ಫ್ಲ್ಯಾಟ್ ನೋಡೋಣ, ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ ಅನ್ನುತ್ತಿದ್ದಾಳೆ. ಒಂದು ಸಿಕ್ಕಿದೆ, ಮಾರುವವರು ಕೇರಳದವರು, ಊರಿಗೆ ವಾಪಸ್ ಹೋಗುತ್ತಿದ್ದಾರೆ. ಅದರ ಕ್ರಮ ಏನು?

ಸುಂಟಿಕೊಪ್ಪ–ಶಾರ್ಜಾ

ಮಗಳು ಜಾಣೆ. ಮುಗಿದ ಫ್ಲ್ಯಾಟಿನಲ್ಲಿ ತಲೆನೋವು ಕಮ್ಮಿ. ಮಾರುವವರ ಟೈಟಲ್ ಡೀಡ್ ನಂಬರ್ ತಗೊಂಡು ಡಿಎಲ್‌ಡಿ ಸೈಟಿನಲ್ಲೇ ಪರಿಶೀಲಿಸಿ. ಅದರಲ್ಲಿರುವ ಹೆಸರೂ ಎಮಿರೇಟ್ಸ್ ಐಡಿ ಅಥವಾ ಪಾಸ್‌ಪೋರ್ಟ್ ಹೆಸರೂ ಒಂದೇ ಇರಬೇಕು. ಊರಿಗೆ ಹೋಗಿಬಿಟ್ಟು ಬೇರೆಯವರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ಮಾರುವುದಾದರೆ ಆ ಪಿಒಎ ಇನ್ನೂ ಚಾಲ್ತಿಯಲ್ಲಿದೆಯಾ, ಮಾರಲು ಮತ್ತು ದುಡ್ಡು ಪಡೆಯಲು ಎರಡಕ್ಕೂ ಅಧಿಕಾರ ಇದೆಯಾ ಅಂತ ನೋಡಬೇಕು. ಮಾಲೀಕರ ಜೊತೆ ಒಂದು ವಿಡಿಯೋ ಕಾಲ್ ಮಾಡಿ, ಸಂಕೋಚ ಬೇಡ.

ಆಮೇಲೆ ‘ಫಾರಂ ಎಫ್’, ಅದು ಡಿಎಲ್‌ಡಿಯ ಪ್ರಮಾಣಿತ ಕರಾರುಪತ್ರ. ಸಾಮಾನ್ಯವಾಗಿ 10 ಪರ್ಸೆಂಟಿನ ಚೆಕ್ ಭದ್ರತೆಗೆ ಬ್ರೋಕರ್ ಹತ್ತಿರ ಇರುತ್ತದೆ, ನಗದಾಗುವುದಿಲ್ಲ. ನಂತರ ಬಿಲ್ಡರಿಂದ ಎನ್‌ಒಸಿ. ಸರ್ವೀಸ್ ಚಾರ್ಜ್ ಬಾಕಿ ಇದ್ದರೆ ಎನ್‌ಒಸಿ ಬರುವುದಿಲ್ಲ, ಹಾಗಾಗಿ ಹಳೇ ಬಾಕಿ ನಿಮ್ಮ ತಲೆಗೆ ಬರುವ ಭಯ ಅಲ್ಲೇ ತೀರುತ್ತದೆ. ಮಾರುವವರದು ಬ್ಯಾಂಕ್ ಸಾಲ ಇದ್ದರೆ ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಪತ್ರ ತರಿಸಿ. ಸಾಲ ತೀರಿ ಅಡಮಾನ ಬಿಡುಗಡೆ ಆಗದೆ ವರ್ಗಾವಣೆ ಇಲ್ಲ. ಕೊನೆಗೆ ಟ್ರಸ್ಟಿ ಆಫೀಸಿನಲ್ಲಿ (ಡಿಎಲ್‌ಡಿ ಪರವಾಗಿ ನೋಂದಣಿ ಮಾಡುವ ಕಚೇರಿ) ಎಲ್ಲರೂ ಒಟ್ಟಿಗೆ ಕೂತು ವರ್ಗಾವಣೆ, ಹೊಸ ಟೈಟಲ್ ಡೀಡ್ ನಿಮ್ಮ ಹೆಸರಿಗೆ.

ಹಳೇ ದಸ್ತಾವೇಜು, ಮಡಿಕೇರಿ

ಯಾರ ಹೆಸರಿಗೆ ಅನ್ನುವುದನ್ನು ಈಗಲೇ ಯೋಚಿಸಿ. ನಿಮ್ಮ ಒಬ್ಬರ ಹೆಸರಿನಲ್ಲೇ ಇದ್ದು ನಾಳೆ ಹೆಚ್ಚುಕಮ್ಮಿಯಾದರೆ ಮಡಿಕೇರಿ ಕೋರ್ಟಿನ ಉತ್ತರಾಧಿಕಾರ ಪತ್ರ ಹಿಡಿದು ಅಲ್ಲಿ ಹೋಗಿ ನಿಂತರೆ ತಕ್ಷಣ ಕೆಲಸ ಆಗುತ್ತದಾ?

ಸುಂಟಿಕೊಪ್ಪ–ಶಾರ್ಜಾ

ಆಗಲ್ಲ ಸರ್. ದೃಢೀಕರಣ, ಅರೇಬಿಕ್ ಅನುವಾದ, ಅಲ್ಲಿನ ಕೋರ್ಟು ಎಲ್ಲ ಆಗಬೇಕು. ಮುಸ್ಲಿಮರಲ್ಲದವರಿಗೆ ದುಬೈಯ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ ಇಂಗ್ಲಿಷಿನಲ್ಲೇ ಉಯಿಲು ನೋಂದಾಯಿಸುವ ವ್ಯವಸ್ಥೆ 2015ರಿಂದ ಇದೆ. ಖರ್ಚಾಗುತ್ತದೆ, ಆದರೆ ಫ್ಲ್ಯಾಟ್ ತಗೊಳ್ಳುವವರು ಅದನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ನಮ್ಮಂಥ ಮುಸ್ಲಿಮರಿಗೆ ಶರೀಯತ್ ಪ್ರಕಾರ ಪಾಲು. ಊರಲ್ಲಿ ಬರೆದಿಟ್ಟ ಉಯಿಲನ್ನು ನೆಚ್ಚಿಕೊಂಡು ಕೂರಬೇಡಿ.

ಲೆಕ್ಕಪತ್ರ, ಕುಶಾಲನಗರ

ಮಗಳು ತನ್ನ ಸಂಬಳದಲ್ಲಿ, ಅಲ್ಲಿನ ಸಾಲದಲ್ಲಿ, ತನ್ನ ಹೆಸರಿಗೇ ತಗೊಂಡರೆ ಎಲ್‌ಆರ್‌ಎಸ್, ಟಿಸಿಎಸ್ ಯಾವುದೂ ಇಲ್ಲ, ಅನಿವಾಸಿ ಆದ್ದರಿಂದ. ಅದನ್ನೂ ಒಂದು ದಾರಿಯಾಗಿ ಪರಿಗಣಿಸಿ. ನಿಮ್ಮ ದುಡ್ಡೇ ಹೋಗುವುದಾದರೆ ನಿಮ್ಮ ಹೆಸರು ಇರಲೇಬೇಕು.

ನಿಮ್ಮ ಹೆಸರು ಬಂದ ಮೇಲೆ ಪ್ರತಿ ವರ್ಷ ರಿಟರ್ನ್ ಕಡ್ಡಾಯ, ಆದಾಯ ಸೊನ್ನೆ ಇದ್ದರೂ. ಐಟಿಆರ್-1 ಅನ್ನುವ ಸರಳ ಫಾರಂ ಆಗುವುದಿಲ್ಲ. ಶೆಡ್ಯೂಲ್ ಎಫ್ಎ ಅಂತ ಇರುವಲ್ಲಿ ಆ ಫ್ಲ್ಯಾಟಿನ ವಿವರ ತುಂಬಬೇಕು, ಅದರ ಲೆಕ್ಕ ಜನವರಿಯಿಂದ ಡಿಸೆಂಬರ್, ಮಾರ್ಚಿಗಲ್ಲ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. ಸಣ್ಣ ಮೊತ್ತದ ಬೇರೆ ಸ್ವತ್ತುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಸ್ಥಿರಾಸ್ತಿಗೆ ಇಲ್ಲ. ಬಾಡಿಗೆ ಬಂದರೆ ಅಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ತೋರಿಸಬೇಕು. ಏಜೆಂಟ್ ‘ಟ್ಯಾಕ್ಸ್ ಫ್ರೀ’ ಅಂದದ್ದು ದುಬೈಗೆ, ಪೊನ್ನಂಪೇಟೆಗಲ್ಲ.

ಕುಟ್ಟ ಕಾರ್ನರ್

ಫುಕೆಟ್ ವಕೀಲರಿಂದ ಪತ್ರದ ಫೋಟೋ ತರಿಸಿದೆ. ಗರುಡ ಹಸಿರು. ಹಿಂಬದಿಯ ಫೋಟೋ ಕಳಿಸಿಲ್ಲ, ಕೇಳಿದ್ದೇನೆ. ಕಂಪನಿ ಬೇಡ, ಲೀಸ್ ಮಾತ್ರ ಆದರೆ ಎಷ್ಟು ಅಂದೆ. ಅದೇ ರೇಟು ಹೇಳುತ್ತಾರೆ.

ಹಳೇ ದಸ್ತಾವೇಜು, ಮಡಿಕೇರಿ

30 ವರ್ಷದ ಲೀಸಿಗೆ ಒಡೆತನದ ರೇಟು ಯಾಕೆ ಕೊಡುತ್ತೀರಿ? ಹಿಂಬದಿಯ ಫೋಟೋ ಬಂದ ಮೇಲೂ ಅವರ ವಕೀಲರ ಮಾತಿನ ಮೇಲೆ ಹೋಗಬೇಡಿ, ನಿಮ್ಮ ಕಡೆಯಿಂದ ಬೇರೆ ವಕೀಲರನ್ನು ಹಿಡಿದು ಭೂ ಕಚೇರಿಯ ಪ್ರತಿ ತೆಗೆಸಿ.

ಪೊನ್ನಂಪೇಟೆ ರೋಬಸ್ಟಾ

ಕೇರಳದವರ ಟೈಟಲ್ ಡೀಡ್ ಸೈಟಿನಲ್ಲಿ ಸರಿಯಾಗಿ ಬಂತು. ಗಂಡ ಹೆಂಡತಿ ಇಬ್ಬರ ಹೆಸರಿದೆ, ಸಾಲ ಇಲ್ಲ. ಮಗಳು ಮತ್ತು ನಾನು ಜಂಟಿಯಾಗಿ ತಗೊಳ್ಳುವ ಯೋಚನೆ, ಬ್ಯಾಂಕಿನವರು ಎ2 ಫಾರಂ ಕೊಟ್ಟಿದ್ದಾರೆ, ಜೊತೆಗೆ ಕಾಫಿ ಮಾರಿದ ಬಿಲ್ಲುಗಳನ್ನೂ ಕೇಳಿದ್ದಾರೆ. ಒಂದು ಸಂಶಯ. ಟ್ರಸ್ಟಿ ಆಫೀಸಿಗೆ ಹೋಗುವ ದಿನ ಚೆಕ್ ಯಾರ ಹೆಸರಿಗೆ ಮಾಡಿಸಬೇಕು? ಬ್ರೋಕರ್ ತನ್ನ ಹೆಸರಿಗೆ ಅನ್ನುತ್ತಿದ್ದಾನೆ, ಆಮೇಲೆ ತಾನು ಅವರಿಗೆ ಕೊಡುತ್ತಾನಂತೆ.

ಸುಂಟಿಕೊಪ್ಪ–ಶಾರ್ಜಾ

ಖಂಡಿತ ಬೇಡ. ಬೆಲೆಯ ಮ್ಯಾನೇಜರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವುದು, ನಮ್ಮ ಡಿಡಿ ಥರ) ಮಾಲೀಕರ ಹೆಸರಿಗೇ, ಟೈಟಲ್ ಡೀಡಿನಲ್ಲಿರುವ ಸ್ಪೆಲ್ಲಿಂಗ್ ಅಕ್ಷರ ಬಿಡದೆ. ಇಬ್ಬರು ಮಾಲೀಕರಿರುವುದರಿಂದ ಎರಡು ಚೆಕ್ ಬೇಕಾ, ಒಂದು ಸಾಕಾ ಅಂತ ಟ್ರಸ್ಟಿ ಆಫೀಸಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಲಿ. ಬ್ರೋಕರಿಗೆ ಅವನ ಕಮಿಷನ್ನಿನ ಚೆಕ್ ಬೇರೆ, ಸಾಮಾನ್ಯವಾಗಿ 2 ಪರ್ಸೆಂಟ್, ಅದರ ಮೇಲೆ ವ್ಯಾಟ್. ಅದನ್ನೂ ಹೊಸ ಡೀಡ್ ಪ್ರಿಂಟ್ ಆಗಿ ಮಗಳ ಕೈಗೆ ಬಂದ ಮೇಲೆ ಕೊಟ್ಟರಾಯಿತು.